ಮೊಡವೆ ಕಾಣಿಸುವ ಮೊದಲು ಚರ್ಮದೊಳಗೆ ನಡೆಯುವುದೇನು?

ಕೂದಲೇ ಇಲ್ಲ ಎನ್ನಿಸುವ ಹಣೆ, ಮೂಗು, ಕೆನ್ನೆಗಳಲ್ಲೂ ಕಣ್ಣಿಗೆ ಬೀಳದಷ್ಟು ನವಿರಾದ ರೋಮಗಳಿರುತ್ತವೆ. ಪ್ರತಿ ರೋಮಕ್ಕೂ ಒಂದು ಸಣ್ಣ ಕೊಳವೆ, ಅದರ ಪಕ್ಕಕ್ಕೊಂದು ಎಣ್ಣೆ ಗ್ರಂಥಿ. ಮೊಡವೆ ಹುಟ್ಟುವುದು ಈ ಕೊಳವೆಯಲ್ಲಿ.

ಕೊಳವೆಯ ಒಳಗೋಡೆಯ ಜೀವಕೋಶಗಳು ಸತ್ತು ಒಂದೊಂದಾಗಿ ಉದುರಿ, ಎಣ್ಣೆಯ ಜೊತೆ ಹೊರಗೆ ಹರಿದುಹೋಗಬೇಕು. ಮೊಡವೆ ಏಳುವ ಚರ್ಮದಲ್ಲಿ ಎರಡು ಎಡವಟ್ಟುಗಳಾಗುತ್ತವೆ: ಜೀವಕೋಶಗಳು ಬೇಕಾದ್ದಕ್ಕಿಂತ ಹೆಚ್ಚು ಹುಟ್ಟುತ್ತವೆ, ಸತ್ತವು ಬಿಡಿಯಾಗದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹರೆಯದಲ್ಲಿ ಆ್ಯಂಡ್ರೋಜನ್ ಹಾರ್ಮೋನುಗಳು ಗ್ರಂಥಿಯನ್ನು ಹಿಗ್ಗಿಸಿ ಎಣ್ಣೆಯನ್ನೂ ಹೆಚ್ಚಿಸಿರುತ್ತವೆ. ಸತ್ತ ಜೀವಕೋಶಗಳಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನೂ ಎಣ್ಣೆಯೂ ಸೇರಿ ಬಿರಟೆಯಂತೆ ಕೂರುತ್ತವೆ. ಈ ಸೂಕ್ಷ್ಮ ಬಿರಟೆ ಕಣ್ಣಿಗೆ ಕಾಣುವ ಗುಳ್ಳೆಯಾಗಲು ಹಲವು ವಾರಗಳೇ ಹಿಡಿಯಬಹುದು. ರಂಧ್ರದ ಬಾಯಿ ಮುಚ್ಚಿದ್ದರೆ ಅದು ವೈಟ್‌ಹೆಡ್, ತೆರೆದಿದ್ದರೆ ಬ್ಲ್ಯಾಕ್‌ಹೆಡ್. ಆ ಕಪ್ಪು ಕೊಳೆಯಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನಿನದು, ಜೊತೆಗೆ ಗಾಳಿ ತಾಗಿದ ಎಣ್ಣೆಯದು. ಎಷ್ಟು ಉಜ್ಜಿದರೂ ಹೋಗದಿರುವುದು ಅದಕ್ಕೇ.

ಮೊದಲು ರಂಧ್ರ ಕಟ್ಟಿಕೊಳ್ಳುತ್ತದೆ, ಆಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಕೊನೆಗೆ ಉರಿಯೂತ ಎಂದು ಬಹುಕಾಲ ಹೇಳಿಕೊಂಡು ಬಂದಿದ್ದೆವು. ಇಷ್ಟು ಸರಳವಾಗಿಲ್ಲ ಎನ್ನುವುದು ಈಗ ಗೊತ್ತು. ಬಿರಟೆ ಕಟ್ಟುವ ಮೊದಲೇ ಕೊಳವೆಯ ಸುತ್ತ ರೋಗನಿರೋಧಕ ಕಣಗಳು ಸೇರಿರುವುದು ಚರ್ಮದ ತುಣುಕುಗಳ ಪರೀಕ್ಷೆಯಲ್ಲಿ ಕಂಡಿದೆ. ಇಂಟರ್‌ಲ್ಯೂಕಿನ್-1 ಎಂಬ ಉರಿಯೂತದ ಸಂಕೇತ ಕೊಳವೆಯ ಗೋಡೆಯನ್ನು ಇನ್ನಷ್ಟು ದಪ್ಪವಾಗಿಸಬಲ್ಲದು. ಅಂದರೆ ಉರಿಯೂತ ಬಿರಟೆಯನ್ನು ಬೆಳೆಸುತ್ತದೆ, ಬಿರಟೆ ಉರಿಯೂತವನ್ನು.

ನಡುವೆ ಬರುವುದು ಕ್ಯೂಟಿಬ್ಯಾಕ್ಟೀರಿಯಂ ಆ್ಯಕ್ನೆಸ್ (2016ರವರೆಗೆ ಇದು ಪ್ರೊಪಿಯೋನಿಬ್ಯಾಕ್ಟೀರಿಯಂ). ಆರೋಗ್ಯವಂತ ಚರ್ಮದಲ್ಲೂ ಇರುವ ಈ ಬ್ಯಾಕ್ಟೀರಿಯಾ ಎಣ್ಣೆಯನ್ನು ಒಡೆದು ಕೊಬ್ಬಿನ ಆಮ್ಲಗಳನ್ನು ಬಿಡುತ್ತದೆ, ರೋಗನಿರೋಧಕ ಕಣಗಳನ್ನು ಕೆಣಕುತ್ತದೆ. ಊದಿದ ಕೊಳವೆ ಒಳಗೇ ಒಡೆದರೆ ಸರಕೆಲ್ಲ ಸುತ್ತಲಿನ ಚರ್ಮಕ್ಕೆ ಚೆಲ್ಲುತ್ತದೆ. ಬಿಳಿ ರಕ್ತಕಣಗಳು ಮುತ್ತುತ್ತವೆ. ಕೆಂಪು, ನೋವು, ಕೀವು. ಉಗುರಿನಿಂದ ಹಿಸುಕಿದಾಗಲೂ ಆಗುವುದು ಹೆಚ್ಚುಕಡಿಮೆ ಇದೇ, ಕಲೆ ಉಳಿಯುವ ಅಪಾಯ ಬೇರೆ.

ಆದ್ದರಿಂದ ಎದ್ದ ಗುಳ್ಳೆಗೆ ಮಾತ್ರ ಮುಲಾಮು ಮುಟ್ಟಿಸುವುದು ತಡವಾದ ಕೆಲಸ. ಶೇ. 0.1ರ ಅಡಾಪಲೀನ್ ಜೆಲ್ ಸತ್ತ ಜೀವಕೋಶಗಳು ಅಂಟಿಕೊಳ್ಳದಂತೆ ತಡೆಯುತ್ತದೆ, ಉರಿಯೂತವನ್ನೂ ತಗ್ಗಿಸುತ್ತದೆ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ಜೆಲ್ಲನ್ನು ಕಣ್ಣು, ತುಟಿ ಬಿಟ್ಟು ಇಡೀ ಮುಖಕ್ಕೆ ತೆಳುವಾಗಿ ಹಚ್ಚಬೇಕು. ಮೊದಲ ಎರಡು ವಾರ ದಿನ ಬಿಟ್ಟು ದಿನ ಸಾಕು. ಆರಂಭದಲ್ಲಿ ಚರ್ಮ ಸಿಪ್ಪೆ ಏಳುವುದು, ಮೊಡವೆ ತುಸು ಹೆಚ್ಚಿದಂತೆ ಕಾಣುವುದು ಸಾಮಾನ್ಯ. ಹೆಚ್ಚಿನವರು ಕೈಬಿಡುವುದು ಇಲ್ಲೇ. ಫಲ ಕಾಣಲು 8ರಿಂದ 12 ವಾರ ಬೇಕು. ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸುತ್ತಿರುವವರು ಇದನ್ನು ಹಚ್ಚಬಾರದು.

ಬ್ಯಾಕ್ಟೀರಿಯಾಕ್ಕೆ ಬೆನ್‌ಜಾಯ್ಲ್ ಪೆರಾಕ್ಸೈಡ್ ಒಳ್ಳೆಯದು. ಶೇ. 10ರದ್ದೇ ಬೇಕೆಂದಿಲ್ಲ, ಶೇ. 2.5ರದ್ದು ಬಹುತೇಕ ಅಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ದಿಂಬಿನ ಬಟ್ಟೆಯ ಬಣ್ಣ ಹೋಗುತ್ತದೆ, ಎಚ್ಚರ. ಆ್ಯಂಟಿಬಯಾಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಅದನ್ನು ಪೆರಾಕ್ಸೈಡ್ ಜೊತೆಗೇ ಕೊಡುವುದು ಈ ಕಾರಣಕ್ಕೆ. ಸ್ಟೀರಾಯ್ಡ್ ಇರುವ ಕ್ರೀಮು ಕೆಂಪನ್ನು ನಾಲ್ಕು ದಿನ ಅಡಗಿಸಿ, ಆಮೇಲೆ ತಾನೇ ಮೊಡವೆ ಎಬ್ಬಿಸುತ್ತದೆ. ಆಳದಲ್ಲಿ ಗಂಟು ಕಟ್ಟಿ ನೋಯುವ ಮೊಡವೆಗಳಿಗೆ ಹಚ್ಚುವ ಔಷಧಿಯಷ್ಟೇ ಸಾಲದು, ಕಲೆ ಬೀಳುವ ಮೊದಲೇ ಚರ್ಮವೈದ್ಯರನ್ನು ಕಾಣಬೇಕು.