ಕೆಳಗೆ ಅಂಗಡಿ, ಮೇಲೆ ಮನೆ: ಮೂಲೆ ಕಟ್ಟಡದಲ್ಲಿ ಭಾರ ಹೊರುವುದು ಯಾವ ಗೋಡೆ?

ಪಾರಂಪರಿಕ ಕಟ್ಟಡಗಳ ಸಂರಕ್ಷಣೆ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಬೆಂಗಳೂರಿನ ದೊಡ್ಡಪೇಟೆ (ಈಗಿನ ಅವೆನ್ಯೂ ರಸ್ತೆ), ಚಿಕ್ಕಪೇಟೆ, ಬಳೇಪೇಟೆಗಳ ಅಡ್ಡರಸ್ತೆ ಕೂಡುವಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ನಿಂತಿರುವ ಮೂಲೆ ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆ, ತೇಗದ ಜಂತೆ (ಗೋಡೆಯಿಂದ ಗೋಡೆಗೆ ಸಾಲಾಗಿ ಇಟ್ಟ ಮರದ ತೊಲೆ), ಮೇಲೆ ಮದ್ರಾಸ್ ತಾರಸಿ (ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆಯಿಂದ ಕಟ್ಟಿದ ಚಪ್ಪಟೆ ಚಾವಣಿ) ಇರುವ ಮಾದರಿ ಇದು. ಪೇಟೆಯ ಬೀದಿಗಳ ವಿನ್ಯಾಸ 1537ರಷ್ಟು ಹಳೆಯದು. ಕಟ್ಟಡಗಳ ವಯಸ್ಸು ಬೇರೆ ಮಾತು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಎರಡು ಮುಖ

ಅಂಗಡಿಯ ಬಾಯಿ ದೊಡ್ಡ ಬೀದಿಗೆ, ಮನೆಯ ಬಾಗಿಲು ಪಕ್ಕದ ಓಣಿಗೆ. ಓಣಿಯ ಕಡೆಯ ಸಣ್ಣ ಬಾಗಿಲು ತೆರೆದರೆ ಕಡಿದಾದ ಮೆಟ್ಟಿಲು ನೇರ ಮಹಡಿಗೆ ಹೋಗುತ್ತದೆ. ವ್ಯಾಪಾರ ನಡೆಯುತ್ತಿರುವಾಗಲೇ ಮನೆಯವರು ಅಂಗಡಿ ಹಾಯದೆ ಓಡಾಡಬಹುದು. ಎರಡು ಕಡೆಯಿಂದ ಬೆಳಕು, ಗಾಳಿ, ಗಿರಾಕಿ ಮೂರೂ ಸಿಗುವುದರಿಂದ ಮೂಲೆ ಅಂಗಡಿಗೆ ಬೇಡಿಕೆ. ಜಗಲಿ, ಗಾಡಿಯ ಗಾಲಿ ಗೋಡೆಗೆ ತಾಗದಂತೆ ಮೂಲೆಯಲ್ಲಿ ನೆಟ್ಟ ಕಲ್ಲು, ಹಲಗೆ ಬಾಗಿಲು ಇವೆಲ್ಲ ನೋಡಿದ ಕೂಡಲೇ ಗೊತ್ತಾಗುತ್ತವೆ. ಹಲಗೆ ಕೂರಿಸುವ ತೋಡು ಹೊಸ್ತಿಲಲ್ಲಿ ಉಳಿದಿದ್ದರೆ ಅಳತೆ ತೆಗೆದು ಫೋಟೋ ಹಿಡಿದಿಡಿ. ರೋಲಿಂಗ್ ಶಟರ್ ಬಂದ ಮೇಲೆ ಮೊದಲು ಅಳಿಯುವ ಗುರುತು ಅದೇ.

ಓರೆ ಇಟ್ಟಿಗೆಯ ಗೊಂದಲ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೋಗೋಣ. ಮದ್ರಾಸ್ ತಾರಸಿಯನ್ನು ಕೆಳಗಿನಿಂದ ನೋಡಿದರೆ 30ರಿಂದ 45 ಸೆಂ.ಮೀ.ಗೊಂದು ಜಂತೆ. ಅವುಗಳ ನಡುವೆ 15 × 7.5 × 2.5 ಸೆಂ.ಮೀ. ಅಳತೆಯ ತೆಳು ಇಟ್ಟಿಗೆಗಳು, ಅಂಚಿನ ಮೇಲೆ ನಿಂತು, ಜಂತೆಗೆ ಓರೆಯಾಗಿ ಸಾಗಿರುತ್ತವೆ. ಸಾಲುಗಳು ಮೂಲೆಯಿಂದ ಮೂಲೆಗೆ ಹೋಗುವುದನ್ನು ನೋಡಿ "ಭಾರ ನಾಲ್ಕೂ ಗೋಡೆಗೆ ಹಂಚಿಹೋಗುತ್ತದೆ" ಎಂದು ಬರೆದುಬಿಡುತ್ತಾರೆ. ಹಾಗಲ್ಲ. ಓರೆಯಾಗಿ ಇಡುವುದು ಕಟ್ಟುವ ಅನುಕೂಲಕ್ಕೆ: ಪ್ರತಿ ಸಾಲೂ ಹಿಂದಿನ ಸಾಲಿಗೆ ಗಾರೆಯಲ್ಲಿ ಅಂಟಿಕೊಳ್ಳುತ್ತದೆ, ಕೆಳಗೆ ಸೆಂಟ್ರಿಂಗ್ ಬೇಕಾಗುವುದಿಲ್ಲ. ಇಟ್ಟಿಗೆಯ ಭಾರ ಜಂತೆಗೆ, ಜಂತೆಯ ಭಾರ ಅದರ ಎರಡು ತುದಿ ಕೂತ ಗೋಡೆಗಳಿಗೆ. ಅಷ್ಟೇ. ಓರೆ ಸಾಲನ್ನು ಮರೆತು ಜಂತೆಯ ದಿಕ್ಕನ್ನು ಮಾತ್ರ ನೋಡಿ.

ಲೆಕ್ಕ ಹಾಕಿ ನೋಡೋಣ. ನಿಂತ ಇಟ್ಟಿಗೆ 7.5 ಸೆಂ.ಮೀ. ಅದರ ಮೇಲೆ ಸುಣ್ಣದ ಇಟ್ಟಿಗೆ ಜಲ್ಲಿ 7.5 ಸೆಂ.ಮೀ. ಹರಡಿ, ಮೂರು ದಿನ ಮರದ ಬಡಿಗೆಯಿಂದ ಬಡಿದು 5ಕ್ಕೆ ಇಳಿಸಿರುತ್ತಾರೆ. ಮೇಲೆ ಎರಡು ವರಸೆ ಚಪ್ಪಟೆ ಬಿಲ್ಲೆ, ಗಾರೆ. ಒಟ್ಟು ಸುಮಾರು 16 ಸೆಂ.ಮೀ., ಅಂದರೆ ಚದರ ಮೀಟರಿಗೆ ಹತ್ತಿರ ಹತ್ತಿರ 300 ಕೆ.ಜಿ. ಕೋಣೆ 3 ಮೀ. ಅಗಲ, 4.2 ಮೀ. ಉದ್ದ ಎಂದಿಟ್ಟುಕೊಳ್ಳಿ. ಜಂತೆ ಸಾಮಾನ್ಯವಾಗಿ ಕಿರಿದಾದ ಕಡೆಗೆ, ಅಂದರೆ 3 ಮೀ. ದಾಟುವಂತೆ ಕೂರುತ್ತದೆ. ಆದ್ದರಿಂದ ಉದ್ದದ ಗೋಡೆಯ ಪ್ರತಿ ಮೀಟರಿಗೆ 1.5 × 300 = 450 ಕೆ.ಜಿ. ತಾರಸಿಯ ಭಾರ. ಅಡ್ಡಗೋಡೆಗೆ, ಅಂದರೆ ಜಂತೆಯ ತುದಿ ಕೂರದ 3 ಮೀ.ನ ಗೋಡೆಗೆ, ಹೆಚ್ಚುಕಡಿಮೆ ಏನೂ ಇಲ್ಲ.

ಹಾಗಾದರೆ ಅಡ್ಡಗೋಡೆಯಲ್ಲಿ ಬೇಕಾದಷ್ಟು ಅಗಲಕ್ಕೆ ಶಟರ್ ತೆರೆಯಬಹುದೇ? ಖಂಡಿತ ಬೇಡ. ಮಹಡಿಯ ಗೋಡೆ 35 ಸೆಂ.ಮೀ. ದಪ್ಪ, 3 ಮೀ. ಎತ್ತರ ಇದ್ದರೆ ಅದರ ತೂಕವೇ ಮೀಟರಿಗೆ ಸುಮಾರು 1,900 ಕೆ.ಜಿ., ತಾರಸಿ ಕೊಡುವ ಭಾರದ ನಾಲ್ಕು ಪಟ್ಟು. "ಜಂತೆ ಕೂರದ ಗೋಡೆ" ಎಂದರೆ "ಭಾರವಿಲ್ಲದ ಗೋಡೆ" ಎಂದಲ್ಲ. ಬಾಯಿಯ ಮೇಲಿನ ಗೋಡೆ ಕಮಾನಿನಂತೆ ತನ್ನ ತೂಕವನ್ನು ಎರಡೂ ಪಕ್ಕಕ್ಕೆ ತಳ್ಳುತ್ತದೆ. ಮೂಲೆ ಕಟ್ಟಡದಲ್ಲಿ ಎರಡು ಬೀದಿಯ ಬಾಯಿಗಳಿಂದಲೂ ಈ ತಳ್ಳು ಒಂದೇ ಮೂಲೆಗಂಬಕ್ಕೆ ಬರುತ್ತದೆ. ಅದರ ಆಚೆ ಒತ್ತಿ ಹಿಡಿಯಲು ಪಕ್ಕದ ಮನೆಯ ಗೋಡೆಯೂ ಇಲ್ಲ. ಶೋಕೇಸ್ ದೊಡ್ಡದಾಗಲೆಂದು ಮೂಲೆಯನ್ನೇ ಕೆತ್ತುವುದು ಇಂಥ ಕಟ್ಟಡಕ್ಕೆ ಮಾಡಬಹುದಾದ ಅತಿ ಕೆಟ್ಟ ಕೆಲಸ.

ಜಿಪ್ಸಮ್ ಸೀಲಿಂಗ್ ಮುಚ್ಚಿದ್ದರೆ ಲೈಟ್ ತೂತಿನಿಂದ ಟಾರ್ಚ್ ಹಾಕಿ ಜಂತೆಯ ದಿಕ್ಕು ನೋಡಿ. ಅಂಗಡಿಯ ಮೇಲಿನ ಜಂತೆಯೂ ಮಹಡಿಯ ತಾರಸಿಯ ಜಂತೆಯೂ ಒಂದೇ ದಿಕ್ಕಿಗೆ ಇರಬೇಕೆಂದಿಲ್ಲ. ಎರಡು ನಕ್ಷೆ ಬೇರೆ ಬೇರೆ ಬರೆದು, ಜಂತೆಯ ದಿಕ್ಕಿಗೆ ಬಾಣ ಹಾಕಿ, ಒಂದರ ಮೇಲೊಂದು ಇಟ್ಟು ನೋಡಿ.

ಜಂತೆಯ ತುದಿ

ಜಂತೆ ನಡುವಿನಲ್ಲಿ ಅಪರೂಪಕ್ಕೆ ಮುರಿಯುತ್ತದೆ. ಕುಂಬಾಗುವುದು (ಕೊಳೆತು ಮೆತ್ತಗಾಗುವುದು) ಗೋಡೆಯೊಳಗೆ ಹುದುಗಿದ ತುದಿ. ಮಳೆನೀರಿನ ಪೈಪ್ ಮೂಲೆಯಲ್ಲೇ ಇಳಿಯುತ್ತದೆ, ಅದರ ಜಾಯಿಂಟ್ ಸೋರಿದರೆ ಗೋಡೆ ನೆನೆಯುತ್ತದೆ. ಸುಣ್ಣದ ಗಿಲಾವು ಇದ್ದಾಗ ಆ ತೇವ ಹೊರಗೆ ಆರಿಹೋಗುತ್ತಿತ್ತು. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ನಿಂತು ಮರದ ತುದಿಗೆ ಹೋಗುತ್ತದೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದದ್ದು 2012ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ, ಎರಡೂ ಮಳೆಗಾಲದಲ್ಲೇ. ತಪಾಸಣೆ ಮೇ ತಿಂಗಳೊಳಗೆ ಮುಗಿದಿರಬೇಕು ಎನ್ನುವುದು ಇದಕ್ಕೇ.

ಗೋಡೆಗೆ ತಾಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಗಟ್ಟಿ ತೇಗಕ್ಕೆ ಮೊನೆ ಮಾತ್ರ ತಾಗುತ್ತದೆ, ಕುಂಬಾಗಿದ್ದರೆ ಸಲೀಸಾಗಿ ಇಳಿಯುತ್ತದೆ. ತುದಿ ಹೋಗಿದೆ ಎಂದಾದರೆ ಮೊದಲು ಗೋಡೆಯಿಂದ ಎರಡಡಿ ದೂರದಲ್ಲಿ ಅಡ್ಡತೊಲೆ ಕೊಟ್ಟು ಜಾಕಿ ನಿಲ್ಲಿಸಿ. ಜಾಕಿಯ ಕಾಲು ನೆಲದ ಮೇಲೆ ಗಟ್ಟಿಯಾಗಿ ಕೂತಿರಬೇಕು. ಆಮೇಲೆ ಕೆಟ್ಟ ಭಾಗ ಕತ್ತರಿಸಿ, ಒಳ್ಳೆಯ ಮರದ ಎರಡೂ ಬದಿಗೆ ಉಕ್ಕಿನ ಪಟ್ಟಿ ಬೋಲ್ಟ್ ಮಾಡಿ ಗೋಡೆಯವರೆಗೆ ತರಬಹುದು. ತುದಿಯ ಸುತ್ತ ಗಾಳಿ ಆಡಲು ಸಂದು ಬಿಡಿ, ಸಿಮೆಂಟಿನಲ್ಲಿ ಮೆತ್ತಬೇಡಿ.

ತಾರಸಿ ಸೋರುತ್ತದೆಂದು ಮೇಲೆ 5 ಸೆಂ.ಮೀ. ಸಿಮೆಂಟ್ ಕಾಂಕ್ರೀಟ್ ಹಾಕಿಸುವವರು ಬಹಳ. ಚದರ ಮೀಟರಿಗೆ 100 ಕೆ.ಜಿ.ಗೂ ಹೆಚ್ಚು ತೂಕ, ಅಂದರೆ ಇದ್ದ ಭಾರಕ್ಕೆ ಮೂರನೇ ಒಂದು ಪಾಲು ಸೇರಿತು. ಅದು ಕುಂಬಾದ ತುದಿಗಳ ಮೇಲೇ. ಸಡಿಲವಾದ ಬಿಲ್ಲೆ ತೆಗೆದು, ಸಂದುಗಳನ್ನು ಸುಣ್ಣದ ಗಾರೆಯಿಂದ ತುಂಬಿ, ಹೊಸ ಗಾರೆ ಬೇಗ ಒಣಗದಂತೆ ಒದ್ದೆ ಗೋಣಿ ಹೊದಿಸುವುದು ಸರಿಯಾದ ದಾರಿ. ಗಾರೆಗೆ ಅಳಲೆಕಾಯಿ ಮತ್ತು ಬೆಲ್ಲದ ನೀರು ಹಾಕುವ ಪದ್ಧತಿ ಗೊತ್ತಿರುವ ಮೇಸ್ತ್ರಿ ಸಿಕ್ಕರೆ ಬಿಡಬೇಡಿ.

ವಯಸ್ಸು ಬರೆಯುವಾಗ

ಓಣಿಯ ಕಡೆ ಮಂಗಳೂರು ಹಂಚಿನ ಮಾಡು ಇದ್ದರೆ ಹಂಚಿನ ಬೆನ್ನಿನ ಮುದ್ರೆ ಓದಿ. ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಆದ್ದರಿಂದ ಆ ಮುದ್ರೆಯ ಹಂಚು ಅದಕ್ಕಿಂತ ಹಳೆಯದಲ್ಲ. ಆದರೆ ಹಂಚು ಬದಲಾಗುತ್ತಲೇ ಇರುತ್ತದೆ, ಅದು ಮಾಡಿನ ಸಾಕ್ಷಿ, ಗೋಡೆಯದಲ್ಲ. ವರದಿಯಲ್ಲಿ ಗೋಡೆ, ಜಂತೆ, ಮಾಡು, ಶಟರ್ ನಾಲ್ಕಕ್ಕೂ ಬೇರೆ ಬೇರೆ ಕಾಲ ಬರೆಯಿರಿ, ಒಂದೊಂದರ ಎದುರಿಗೂ ಯಾವ ಗುರುತು ನೋಡಿ ಹಾಗೆ ಹೇಳಿದಿರಿ ಎಂಬುದನ್ನೂ ಬರೆಯಿರಿ.