ಹುಳಿ ತಾಗಿದ ಕಲ್ಲು

ಗೌರಿ ಹಬ್ಬಕ್ಕೆ ಇನ್ನೆರಡು ದಿನ ಇತ್ತು. ಅಮ್ಮ ದೇವರ ಮನೆಯ ಹಿತ್ತಾಳೆ ದೀಪಗಳನ್ನೆಲ್ಲ ತಂದು, ನೆನೆಸಿದ ಹುಣಸೆಹಣ್ಣು ಹಚ್ಚಿ, ಅಡುಗೆಮನೆಯ ಕಡಪ ಕಲ್ಲಿನ ಕಟ್ಟೆ ಮೇಲೆ ಸಾಲಾಗಿ ಇಟ್ಟರು. ಅಷ್ಟರಲ್ಲಿ ನೆಂಟರು ಬಂದರು, ಮಾತು ಬೆಳೆಯಿತು. ಒಂದು ಗಂಟೆ ಬಿಟ್ಟು ತೊಳೆದಾಗ ದೀಪಗಳು ಬಂಗಾರದ ಹಾಗೆ ಹೊಳೆದವು. ಕಟ್ಟೆ ಮೇಲೆ ಆರು ಬೂದು ಉಂಗುರಗಳು ಉಳಿದಿದ್ದವು.

ಅಮ್ಮ ಸೋಪು ಹಾಕಿ ಉಜ್ಜಿದರು. ನಾನು ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜಿದೆ. ಕೊನೆಗೆ ನಿಂಬೆಹೋಳಿನಲ್ಲೂ ತಿಕ್ಕಿದೆವು. ಮಂಕು ಇನ್ನಷ್ಟು ಅಗಲವಾಯಿತು. ಅವು ಕಲೆಗಳೇ ಅಲ್ಲ ಅನ್ನುವುದು ಆಮೇಲೆ ತಿಳಿಯಿತು. ಕಲೆ ಅಂದರೆ ಹೊರಗಿನದು ಏನೋ ಕಲ್ಲಿನೊಳಗೆ ಇಳಿದು ಕೂತಿರುತ್ತದೆ, ಅದನ್ನು ಹೊರಗೆ ತೆಗೆಯಬಹುದು. ಇಲ್ಲಿ ಹೋಗಿದ್ದು ಕಲ್ಲೇ.

ಕಡಪ ಕಲ್ಲು ಸುಣ್ಣಕಲ್ಲಿನ ಜಾತಿ. ಬಹಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು ಗಟ್ಟಿಯಾಗಿ ಆದದ್ದು. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಹಾಗೇ. ಅಮೃತಶಿಲೆಯಲ್ಲಿ ಇರುವುದೂ ಹೆಚ್ಚಾಗಿ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ಇದೆ, ನಿಂಬೆಯಲ್ಲಿ ಸಿಟ್ರಿಕ್, ಮೊಸರಿನಲ್ಲಿ ಲ್ಯಾಕ್ಟಿಕ್. ಹಿತ್ತಾಳೆ ಮೇಲಿನ ಕಪ್ಪು ಪದರವನ್ನು ಕರಗಿಸುವ ಹುಳಿಯೇ ಕಲ್ಲಿನ ಸುಣ್ಣವನ್ನೂ ಕರಗಿಸುತ್ತದೆ. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಒಂದು ತೊಟ್ಟು ನಿಂಬೆರಸ ಬಿಟ್ಟು ಬಗ್ಗಿ ನೋಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅದು ಕಾರ್ಬನ್ ಡೈಆಕ್ಸೈಡ್, ಸೋಡಾ ಬಾಟಲಿಯಲ್ಲಿ ಇರುತ್ತದಲ್ವಾ, ಅದೇ. ಪಾಲಿಶ್ ಆದ ಕಲ್ಲು ಬೆಳಕನ್ನು ಕನ್ನಡಿಯ ಹಾಗೆ ಒಂದೇ ಕಡೆಗೆ ಕಳಿಸುತ್ತದೆ. ಹುಳಿ ತಿಂದ ಜಾಗ ತರಿತರಿಯಾಗಿ ಬೆಳಕು ಎಲ್ಲಾ ಕಡೆ ಚೆದುರುತ್ತದೆ. ನಮಗೆ ಮಂಕಾಗಿ ಕಾಣುವುದು ಇದಕ್ಕೇ.

ಗ್ರಾನೈಟ್ ಬೇರೆಯೇ ಮನೆತನ. ರಾಮನಗರದ ಬೆಟ್ಟಗಳ ಗ್ರಾನೈಟ್ ನೆಲದಾಳದಲ್ಲಿ ಕರಗಿ ತಣಿದು ಸುಮಾರು 250 ಕೋಟಿ ವರ್ಷ ಆಗಿದೆ. ಅದರಲ್ಲಿರುವ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್ ಅನ್ನುವ ಹರಳುಗಳಿಗೆ ಹುಣಸೆ, ನಿಂಬೆ ಏನೂ ಮಾಡುವುದಿಲ್ಲ. ಗಡಸುತನದ ಮೋಸ್ ಅಳತೆಯಲ್ಲಿ ಕ್ವಾರ್ಟ್ಜ್ 7, ಸುಣ್ಣಕಲ್ಲಿನ ಕ್ಯಾಲ್ಸೈಟ್ ಬರೀ 3. ಚಾಕು ಇವೆರಡರ ನಡುವೆ ಬರುತ್ತದೆ. ಅದಕ್ಕೇ ಕಡಪ ಕಲ್ಲಿನ ಮೇಲೆ ಚಾಕು ಗೀರು ಬೀಳುತ್ತದೆ, ಗ್ರಾನೈಟ್ ಮೇಲೆ ಚಾಕುವೇ ಮೊಂಡಾಗುತ್ತದೆ. ಅಂಗಡಿಯಲ್ಲಿ ಕರಿ ಗ್ರಾನೈಟ್ ಅಂತ ಮಾರುವ ಚಾಮರಾಜನಗರದ ಕಲ್ಲು ನಿಜಕ್ಕೂ ಡಾಲರೈಟ್ ಅನ್ನುವ ಬೇರೆ ಕಲ್ಲು. ಅದು ಒತ್ತಾಗಿದೆ, ನೀರು ಹೀರುವುದು ಕಡಿಮೆ.

ಗ್ರಾನೈಟ್‌ನ ತೊಂದರೆ ಹುಳಿಯಲ್ಲ, ಎಣ್ಣೆ. ಹರಳುಗಳ ನಡುವೆ ಕೂದಲಿಗಿಂತ ಸಣ್ಣ ಬಿರುಕುಗಳಿರುತ್ತವೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಅವೂ ಎಳೆದುಕೊಳ್ಳುತ್ತವೆ. ತಿಳಿ ಬಣ್ಣದ ಕಲ್ಲಿನಲ್ಲಿ ಇದು ಎದ್ದು ಕಾಣುತ್ತದೆ. ನಿಮ್ಮ ಕಲ್ಲು ಎಷ್ಟು ಹೀರುತ್ತದೆ ಅಂತ ನೋಡಲು ನಾಲ್ಕು ಹನಿ ನೀರು ಬಿಟ್ಟು 15 ನಿಮಿಷ ಕಾಯಿರಿ. ಒರೆಸಿದಾಗ ಆ ಜಾಗ ಕಪ್ಪಾಗಿದ್ದರೆ ಸೀಲರ್ ಹಚ್ಚಿಸುವುದು ಒಳ್ಳೆಯದು. ಸೀಲರ್ ಎಣ್ಣೆ, ನೀರು ಒಳಗೆ ಇಳಿಯದಂತೆ ತಡೆಯುತ್ತದೆ. ಕಡಪ ಕಲ್ಲಿಗೆ ಹುಳಿ ತಾಗುವುದನ್ನು ತಡೆಯುವುದಿಲ್ಲ. ಮಾರುವವರು ಇದನ್ನು ಹೇಳಿದ್ದು ನಾನಂತೂ ಕೇಳಿಲ್ಲ.

ಎಣ್ಣೆ ಇಳಿದಿದ್ದರೆ ಉಜ್ಜಿ ಸುಮ್ನೆ ಕೈ ನೋಯಿಸಿಕೊಳ್ಳಬೇಡಿ. ಒಳಗೆ ಹೋದದ್ದನ್ನು ಹೀರಿಯೇ ತೆಗೆಯಬೇಕು. ಅಡುಗೆ ಸೋಡಾಕ್ಕೆ ನೀರು ಹಾಕಿ ಗಟ್ಟಿ ಚಟ್ನಿಯ ಹದಕ್ಕೆ ಕಲಸಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಒಣಗಲು ಬಿಡಿ. ಒಣಗುತ್ತಾ ಅದು ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ. ಎರಡು ಮೂರು ಸಲ ಬೇಕಾಗಬಹುದು. ಅರಿಶಿನದ ಕಲೆಗೆ ಬಿಸಿಲೇ ಮದ್ದು. ಅದರ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಬೆಳಕಿಗೆ ಮುರಿದುಹೋಗುತ್ತದೆ. ಕಿಟಕಿ ಪಕ್ಕದ ಕಲೆ ತಾನಾಗಿಯೇ ಮಾಸುವುದು ಅದಕ್ಕೇ.

ನಲ್ಲಿಯ ಬುಡದಲ್ಲಿ ಕಟ್ಟುವ ಬಿಳಿ ಪದರದ ಬಗ್ಗೆ ಜಾಸ್ತಿ ಜಾಗ್ರತೆ ಬೇಕು. ಬೋರ್‌ವೆಲ್ ನೀರಿನಿಂದ ಬರುವ ಆ ಪದರದಲ್ಲೂ ಹೆಚ್ಚಿಗೆ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ಪದರವೂ ಕಡಪ ಕಲ್ಲೂ ಒಂದೇ ವಸ್ತು. ವಿನೆಗರ್ ಹಾಕಿದರೆ ಎರಡನ್ನೂ ತಿನ್ನುತ್ತದೆ. ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ. ದಿನಾ ರಾತ್ರಿ ಒಣಬಟ್ಟೆಯಲ್ಲಿ ಒರೆಸಿದರೆ ಪದರ ಕಟ್ಟುವುದೇ ಇಲ್ಲ. ಬಾತ್‌ರೂಂ ತೊಳೆಯುವ ಆಸಿಡ್ ಮಾತ್ರ ಯಾವ ಕಲ್ಲಿಗೂ ಬೇಡ, ಗ್ರಾನೈಟ್‌ಗೂ ಬೇಡ.

ನಮ್ಮ ಉಂಗುರಗಳಿಗೆ ಕೊನೆಗೆ ಪೇಂಟ್ ಅಂಗಡಿಯ ವಾಟರ್ ಪೇಪರ್, ಅಂದರೆ ನೀರು ಹಾಕಿ ತಿಕ್ಕುವ ಉಜ್ಜುಕಾಗದ, ತಂದೆ. ಮೊದಲು 400 ನಂಬರು, ಆಮೇಲೆ 800, ಆಮೇಲೆ 1500. ನೀರು ಚಿಮುಕಿಸುತ್ತಾ ಗುಂಡಗೆ ತಿಕ್ಕಬೇಕು. ಬೂದು ಕೆಸರು ಬರುತ್ತದೆ, ಅದನ್ನು ಒರೆಸಿ ಮತ್ತೆ ತಿಕ್ಕಬೇಕು. ಒಂದು ಭಾನುವಾರ ಪೂರ್ತಿ ಹಿಡಿಯಿತು. ಐದು ಉಂಗುರ ಹೋದವು, ಹೊಳಪೂ ಮುಕ್ಕಾಲು ಪಾಲು ಬಂತು. ಆರನೆಯದು ಗೋಡೆ ಮೂಲೆಯಲ್ಲಿತ್ತು, ಕೈ ಆಡುವುದಿಲ್ಲ. ಅಮ್ಮ ಅದರ ಮೇಲೆ ಸಾಂಬಾರ ಡಬ್ಬಿ ಇಟ್ಟಿದ್ದಾರೆ. ದೀಪಗಳಿಗೆ ಈಗ ಸ್ಟೀಲ್ ತಟ್ಟೆಯಲ್ಲೇ ಹುಣಸೆಹಣ್ಣು ಹಚ್ಚುತ್ತಾರೆ.