ಡ್ರ್ಯಾಗನ್ ಕೇಳ್ತದ, ಮಾತು ಕೇಳಂಗಿಲ್ಲ

ವಿಜಯಪುರದಲ್ಲಿ ಹೋಮ್ ಥಿಯೇಟರ್ ಕೂರಿಸಿಕೊಡುವುದು ನನ್ನ ಕೆಲಸ. ಕೂರಿಸಿದ ಮೇಲೆ ಫ್ಯಾಂಟಸಿ ಸಿನಿಮಾ ಹಾಕಿ ತೋರಿಸಿ ಅನ್ನುವವರೇ ಜಾಸ್ತಿ. ಡ್ರ್ಯಾಗನ್ ಹಾರಬೇಕು, ಸೋಫಾ ನಡುಗಬೇಕು. ವಾರ ಕಳೆದ ಮೇಲೆ ಫೋನ್ ಬರುತ್ತದೆ: "ಕನ್ನಡದಾಗ ಹಾಕಿದ್ರ ಮಾತು ಚಲೋ ಕೇಳ್ತಾವ್ರಿ ಸರ, ಇಂಗ್ಲಿಷ್ ಹಾಕಿದ್ರ ಬರೇ ಗದ್ಲ."

ಇಂಗ್ಲಿಷ್ ಬರದಿದ್ದಕ್ಕೆ ಹೀಗೆ ಅಂತ ಅವರೇ ತೀರ್ಮಾನ ಮಾಡಿಕೊಂಡಿರುತ್ತಾರೆ. ಪೂರ್ತಿ ನಿಜವಲ್ಲ. ಸಿನಿಮಾದಲ್ಲಿ ಮಾತು ಬೇರೆ ಇರುತ್ತದೆ, ಸಂಗೀತ ಮತ್ತು ಸದ್ದುಗಳ ಟ್ರ್ಯಾಕ್ ಬೇರೆ. ಈ ಎರಡನೆಯದು ಡಬ್ಬಿಂಗ್ ಮಾಡುವವರ ಕೈಗೆ ಸಿದ್ಧವಾಗಿಯೇ ಬರುತ್ತದೆ. ಕತ್ತಿಯ ಖಣಖಣ, ರೆಕ್ಕೆಯ ಬಡಿತ ಹಾಗೇ ಉಳಿಯುತ್ತವೆ. ಅದರ ಮೇಲೆ ಕನ್ನಡದ ಮಾತು ಕೂರಿಸುತ್ತಾರೆ, ಎಷ್ಟೋ ಸಲ ಮೂಲಕ್ಕಿಂತ ತುಸು ಜೋರಾಗಿಯೇ.

ಡಬ್ಬಿಂಗ್ ಸೋಲುವುದು ಬೇರೆ ಕಡೆ. ರೆಕಾರ್ಡಿಂಗ್ ರೂಮಿನ ಗೋಡೆ ಸದ್ದನ್ನೆಲ್ಲ ಹೀರಿಬಿಡುತ್ತದೆ, ಅಲ್ಲಿ ಮಾರುದನಿಯೇ ಇಲ್ಲ. ನಮ್ಮ ಗೋಳಗುಮ್ಮಟದ ಒಳಗೆ ಒಂದು ಚಪ್ಪಾಳೆ ತಟ್ಟಿದರೆ ಅದು ಸುತ್ತಿ ಸುತ್ತಿ ಬರುತ್ತದೆ ಅಲ್ವಾ? ತೆರೆಯ ಮೇಲೆ ರಾಜ ಅಂಥದ್ದೇ ಗುಮ್ಮಟದ ಕೆಳಗೆ ನಿಂತು ಸೈನಿಕರಿಗೆ ಕೂಗುತ್ತಿದ್ದಾನೆ ಅನ್ನಿ. ಆ ಮಾರುದನಿಯನ್ನು ಮಿಕ್ಸಿಂಗ್ ಮಾಡುವವರು ಕೈಯಾರೆ ಸೇರಿಸಬೇಕು. ಗಡಿಬಿಡಿಯಲ್ಲಿ ಅದು ತಪ್ಪಿತೋ, ರಾಜ ಅರಮನೆಯಲ್ಲಿರುತ್ತಾನೆ, ದನಿ ಮಾತ್ರ ನಮ್ಮ ಪಡಸಾಲೆಯಲ್ಲಿ. ತುಟಿ ಹೊಂದಲಿಲ್ಲ ಅಂತ ಜನ ಬೈಯುತ್ತಾರೆ, ನನಗೆ ಚುಚ್ಚುವುದು ಮಾರುದನಿ ಇಲ್ಲದ ಈ ದನಿ. ಮುಖವಾಡದ ರಾಕ್ಷಸ "ಪ, ಬ, ಮ" ಅನ್ನುವಾಗ ತುಟಿ ಕೂಡಿತೋ ಇಲ್ಲವೋ ಯಾರಿಗೆ ಬೇಕು?

ಮೂಲ ಧ್ವನಿಯೂ ಪೂರ್ತಿಯಾಗಿ ಶೂಟಿಂಗ್ ಜಾಗದಲ್ಲೇ ಹಿಡಿದದ್ದು ಅಂದುಕೊಳ್ಳಬೇಡಿ. ಗಾಳಿಯ ಫ್ಯಾನ್, ಮಳೆಯ ಪೈಪ್ ಓಡುತ್ತಿರುವಾಗ ಸಿಕ್ಕ ಮಾತು ಕೆಲಸಕ್ಕೆ ಬರುವುದಿಲ್ಲ. ನಟರೇ ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಆಡುತ್ತಾರೆ. ಆದರೆ ಆ ದೃಶ್ಯದಲ್ಲಿ ಓಡಿ ಏದುಸಿರು ಬಿಟ್ಟವರು ಅವರೇ.

2022ರ ಡಿಸೆಂಬರ್‌ನಲ್ಲಿ ಅವತಾರ್ ಎರಡನೇ ಭಾಗ ಕನ್ನಡದಲ್ಲೂ ಬಂತು. ಅಲ್ಲಿತನಕ ಇಲ್ಲಿನ ಎಷ್ಟೋ ಹುಡುಗರು ಹಾಲಿವುಡ್ ನೋಡಿದ್ದು ಟಿವಿಯ ಹಿಂದಿಯಲ್ಲೇ. ಸಣ್ಣ ಮಕ್ಕಳಿಗೆ ಕನ್ನಡವನ್ನೇ ಹಾಕಿ. ಸಬ್‌ಟೈಟಲ್ ಓದಿ ಮುಗಿಸುವಷ್ಟರಲ್ಲಿ ಡ್ರ್ಯಾಗನ್ ಗುಡ್ಡ ದಾಟಿರುತ್ತದೆ. ದೊಡ್ಡವರು ಮೂಲದಲ್ಲೂ ಒಮ್ಮೆ ನೋಡಿ. (ಡಬ್ಬಿಂಗ್‌ನಲ್ಲಿ ರಾಜನದ್ದೂ ಕಮ್ಮಾರನದ್ದೂ ಅದೇ ಪುಸ್ತಕದ ಕನ್ನಡ. ರಾಜನಿಗೆ ಇರಲಿ, ಕಮ್ಮಾರನಾದರೂ "ಏನಪಾ, ಎಲ್ಲಿಗೆ ಹೊಂಟಿ" ಅನ್ನಬಾರದೇ?)

ಇನ್ನು ಗದ್ದಲದ ದೂರಿಗೆ ಬರೋಣ. ಮೂಲ ಧ್ವನಿ ಹೆಚ್ಚಾಗಿ 5.1ರಲ್ಲಿ ಇರುತ್ತದೆ, ಅಂದರೆ ಐದು ಸ್ಪೀಕರ್ ಮತ್ತು ಗುಡುಗಿನಂಥ ಸದ್ದಿಗೆ ಒಂದು ಸಬ್‌ವೂಫರ್‌ಗೆ ಹಂಚಿದ ಧ್ವನಿ. ಅದರಲ್ಲಿ ಮಾತು ಬಹುಪಾಲು ನಡುವಿನ ಸ್ಪೀಕರ್‌ನದ್ದು. ಟಿವಿಯಲ್ಲಿ ಇರುವುದೇ ಎರಡು ಸ್ಪೀಕರ್ ಆದರೆ ಎಲ್ಲಾ ಸದ್ದು ಅಲ್ಲಿಗೇ ನುಗ್ಗಿ ಮಾತು ಅಡಗಿಹೋಗುತ್ತದೆ. ಆಡಿಯೋ ಪಟ್ಟಿಯಲ್ಲಿ ಸ್ಟೀರಿಯೋ (ಎರಡೇ ಸ್ಪೀಕರ್‌ಗೆ ಮಾಡಿದ ಧ್ವನಿ) ಇದ್ದರೆ ಅದನ್ನು ಆರಿಸಿ. ಕನ್ನಡ ಹಾಕಿದಾಗ ಹಿಂದಿನ ಸ್ಪೀಕರ್ ಸುಮ್ನೆ ಕೂತರೆ ಅದು ಕೆಟ್ಟಿದೆ ಅಂತ ನನ್ನನ್ನು ಕರೆಸಬೇಡಿ, ಆ ಟ್ರ್ಯಾಕ್ ಸ್ಟೀರಿಯೋ ಮಾತ್ರ ಇರಬಹುದು. ಹೋಮ್ ಥಿಯೇಟರ್ ಇದ್ದವರು ನಡುವಿನ ಸ್ಪೀಕರ್‌ನ ದನಿಯನ್ನು 2–3 ಡೆಸಿಬಲ್ ಏರಿಸಿ. ಅದನ್ನು ಶೋಕೇಸಿನಲ್ಲಿ ಮದುವೆ ಫೋಟೋದ ಹಿಂದೆ ಇಟ್ಟಿದ್ದರೆ ಮೊದಲು ಈಚೆ ತೆಗೆಯಿರಿ.